ಅರಗಿನ ಬಣ್ಣಕ್ಕೆ ರಾಜಿಯಾಗದ ನಮ್ಮ ಯಜಮಾನರು

ಮಾನ್ಯ ಸಂಪಾದಕರೇ,

ಚನ್ನಪಟ್ಟಣದ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಬಹುಕಾಲ ಗೊಂಬೆ ಅಂಗಡಿ ನಡೆಸಿಕೊಂಡು ಬಂದ ನಮ್ಮ ಯಜಮಾನರು ಕಳೆದ ತಿಂಗಳು ತೀರಿಕೊಂಡರು. ಅಂತ್ಯಕ್ರಿಯೆಯಿಂದ ಹಿಡಿದು ಹದಿಮೂರನೆಯ ದಿನದ ಕಾರ್ಯದವರೆಗೂ ನಮ್ಮ ಜೊತೆ ನಿಂತ ಕುಶಲಕರ್ಮಿಗಳಿಗೂ ಅಕ್ಕಪಕ್ಕದ ಅಂಗಡಿಯವರಿಗೂ ಒಬ್ಬೊಬ್ಬರನ್ನೇ ಕಂಡು ಕೃತಜ್ಞತೆ ಹೇಳಲಾಗದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಬಂದವರೆಲ್ಲ ಅವರ ಉದಾರ ಗುಣವನ್ನು ನೆನೆದರು. ಅದು ನಿಜವೇ, ಆದರೆ ಸರಕಿನ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟಾಗಿದ್ದರು ಎಂಬುದನ್ನು ಗಲ್ಲಾದ ಪಕ್ಕದಲ್ಲೇ ಕುಳಿತು ಕಂಡವಳು ನಾನು.

ಒಣಗಿದ ಆಲೆ ಮರವನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಹೀಗೆ ಮಾಡಿದ ಗೊಂಬೆಯಲ್ಲದೆ, ಬ್ರಷ್ಷಿನಿಂದ ಪೇಂಟ್ ಬಳಿದ ಅಗ್ಗದ ಮಾಲನ್ನು ಅವರು ಅಂಗಡಿಯೊಳಗೆ ಇಡಗೊಡಲಿಲ್ಲ. ಎಳೆಮಕ್ಕಳ ಗಿಲಕಿ ಬಂದರಂತೂ ಒಂದೊಂದರ ಅಂಚಿನ ಸುತ್ತಲೂ ಹೆಬ್ಬೆರಳು ಆಡಿಸಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಟ್ಟೆಗೆ ಚೂರು ಬಣ್ಣ ಹತ್ತಿದರೂ ವಾಪಸು ಕೊಡುತ್ತಿದ್ದರು. "ಮಗು ಇದನ್ನು ಬಾಯಿಗೇ ಇಡೋದು" ಎನ್ನುತ್ತಿದ್ದರು. ಒಪ್ಪಿಕೊಂಡ ಮಾಲಿಗೆ ಮಾತ್ರ ಅಲ್ಲೇ ಕೈಯಲ್ಲಿ ದುಡ್ಡು. ನಮ್ಮೂರಿನ ಗೊಂಬೆಗಳಿಗೆ ಭೌಗೋಳಿಕ ಸೂಚಕದ, ಅಂದರೆ ಊರಿನ ಹೆಸರು ಅಲ್ಲಿನ ಮಾಲಿಗಷ್ಟೇ ಸಲ್ಲಬೇಕೆಂಬ, ಮಾನ್ಯತೆ ಸಿಕ್ಕಿರುವುದನ್ನು ಚೌಕಾಸಿ ಮಾಡುವ ಗಿರಾಕಿಗಳಿಗೂ ಬೇಸರವಿಲ್ಲದೆ ವಿವರಿಸುತ್ತಿದ್ದರು.

2023ರಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಊರಿನ ನಡುವೆ ನುಗ್ಗುತ್ತಿದ್ದ ವಾಹನಗಳು ಬೈಪಾಸ್ ಹಿಡಿದ ಮೇಲೆ, ಮೈಸೂರಿಗೆ ಹೋಗುತ್ತ ಕಾರು ನಿಲ್ಲಿಸಿ ಮಕ್ಕಳಿಗೆ ಬುಗುರಿಯನ್ನೋ ಕುದುರೆಯನ್ನೋ ಕೊಂಡೊಯ್ಯುತ್ತಿದ್ದವರು ಬರುವುದು ತೀರ ಕಡಿಮೆಯಾಯಿತು. ಪ್ರಯಾಣದ ಹೊತ್ತು ಉಳಿದದ್ದು ಒಳ್ಳೆಯದೇ, ಆ ರಸ್ತೆಯನ್ನು ದೂರಲು ನಾನು ಬರೆಯುತ್ತಿಲ್ಲ. ವ್ಯಾಪಾರ ಬಿದ್ದುಹೋದ ಆ ದಿನಗಳಲ್ಲೂ ಪ್ಲಾಸ್ಟಿಕ್ ಆಟಿಕೆ ಇಡೋಣವೆಂದು ಮನೆಯವರೇ ಒತ್ತಾಯಿಸಿದಾಗ ಅವರು ಒಪ್ಪಲಿಲ್ಲ. ತಮ್ಮ ಖರ್ಚು ಕಡಿಮೆ ಮಾಡಿಕೊಂಡರೇ ಹೊರತು, ಲೇತು ನಡೆಸುವವರಿಗೆ ದಸರಾಕ್ಕೆ ಮುಂಚೆ ಕೊಡುತ್ತಿದ್ದ ಮುಂಗಡವನ್ನು ನಿಲ್ಲಿಸಲಿಲ್ಲ. ಅವರನ್ನು ಕಳೆದುಕೊಂಡ ದುಃಖದಲ್ಲೂ, ಇಂಥವರ ಜೊತೆ ಬಾಳಿದೆನೆಂಬ ಹೆಮ್ಮೆ ನನಗಿದೆ.

ಮೈಸೂರಿನ ಕಡೆ ಹೋಗುವ ಓದುಗರು ಒಂದು ಸಲವಾದರೂ ಬೈಪಾಸಿನಿಂದ ಇಳಿದು ಊರೊಳಗೆ ಬಂದು, ಯಾವ ಅಂಗಡಿಯಲ್ಲಾದರೂ ಸರಿ, ಅರಗಿನ ಗೊಂಬೆಯನ್ನೇ ಕೇಳಿ ಕೊಳ್ಳಬೇಕೆಂದು ಕೋರುತ್ತೇನೆ. ನಮ್ಮ ಅಂಗಡಿಯನ್ನು ಇನ್ನು ಮುಂದೆ ನಾನೇ ನಡೆಸುತ್ತೇನೆ. ಯಜಮಾನರಿಂದ ಮುಂಗಡ ಪಡೆದವರು ಆತಂಕಪಡಬೇಕಿಲ್ಲ. ಮೊದಲಿನಂತೆಯೇ ಮಾಲು ತಂದುಕೊಟ್ಟಾಗ ವಜಾ ಮಾಡಿಕೊಳ್ಳೋಣ.

– ಗೊಂಬೆ ವ್ಯಾಪಾರಿಯೊಬ್ಬರ ಪತ್ನಿ, ಚನ್ನಪಟ್ಟಣ