ಆಟಿಕೆ ರೈಲಿನ ಮೋಟಾರ್ ‘ಸುಟ್ಟಿದೆ’ ಎಂದು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ರಜೆಯಲ್ಲಿ ಅಟ್ಟದ ಟ್ರಂಕುಗಳನ್ನು ಕೆಳಗಿಳಿಸಿದಾಗ ಎಂದೋ ಹೊರದೇಶದಿಂದ ಬಂದ ವಿದ್ಯುತ್ ಆಟಿಕೆ ರೈಲು ಸಿಗುವುದು, ಹಳಿಯ ಮೇಲಿಟ್ಟರೆ ಅದು ಅಲುಗದಿರುವುದು, ಸಂಜೆಯೊಳಗೆ ಗುಜರಿಯವನ ಚೀಲ ಸೇರುವುದು ಹಲವು ಮನೆಗಳಲ್ಲಿ ನಡೆಯುತ್ತದೆ. ನಮ್ಮ ಮನೆಯಲ್ಲೂ ಕಳೆದ ತಿಂಗಳು ಹೀಗಾಗುವುದರಲ್ಲಿತ್ತು. ಆ ಅನುಭವದಿಂದ ತಿಳಿದದ್ದು ಬೇರೆಯವರಿಗೂ ಉಪಯೋಗವಾಗಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಸೋದರಮಾವ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ತಂದುಕೊಟ್ಟ ಎಂಜಿನ್ ಅದು. ಅಲ್ಲಿಯ ಕೆಂಟ್ ಪ್ರಾಂತ್ಯದ ಮಾರ್ಗೇಟ್ ಊರಿನಲ್ಲಿ ಟ್ರೈ-ಆಂಗ್ ಹೆಸರಿನಲ್ಲಿ ತಯಾರಾಗುತ್ತಿದ್ದ, ‘ಜಿಂಟಿ’ ಎಂಬ ಅಡ್ಡಹೆಸರಿನ ಆರು ಚಕ್ರದ ಕಪ್ಪು ಟ್ಯಾಂಕ್ ಎಂಜಿನ್ನಿನ ಮಾದರಿ. ಅಳತೆ ನಿಜವಾದ ಎಂಜಿನ್ನಿನ 76ನೆಯ ಒಂದು ಭಾಗ, ಹಳಿಗಳ ನಡುವಿನ ಅಂತರ 16.5 ಮಿ.ಮೀ., ಬೇಕಾದ ವಿದ್ಯುತ್ತು 12 ವೋಲ್ಟ್ ಡಿ.ಸಿ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಟ್ರಂಕಿನಲ್ಲಿದ್ದ ಅದನ್ನು ಮೊಮ್ಮಗನಿಗಾಗಿ ತೆಗೆದೆ. ಓಡಲಿಲ್ಲ. ರಿಪೇರಿ ಅಂಗಡಿಯೊಂದಕ್ಕೆ ಒಯ್ದರೆ, ಬಿಚ್ಚಿ ನೋಡುವ ಗೋಜಿಗೂ ಹೋಗದೆ “ಮೋಟಾರ್ ಸುಟ್ಟಿದೆ, ಎಸೆಯಿರಿ” ಎಂದರು. ಸುಟ್ಟ ಮೋಟಾರಿಗೆ ವಾರ್ನಿಷ್ ಕಮಟು ವಾಸನೆಯಾದರೂ ಇರಬೇಕಲ್ಲ ಎಂದು ನನಗೆ ಅನುಮಾನ ಬಂದದ್ದು ಆಗಲೇ.

ಇಂಥ ಎಂಜಿನ್‌ಗಳು ಸುಮ್ಮನೆ ನಿಂತಿರುವುದರಲ್ಲೂ ಬಗೆಗಳಿವೆ ಎಂಬುದನ್ನು ಮೊದಲು ತಿಳಿಯಬೇಕು. ಶಬ್ದ, ಬಿಸಿ, ಕಿಡಿ ಯಾವುದೂ ಇಲ್ಲದಿದ್ದರೆ ವಿದ್ಯುತ್ತು ಮೋಟಾರನ್ನು ಮುಟ್ಟುತ್ತಿಲ್ಲ ಎಂದರ್ಥ. ಮೋಟಾರು ಸಣ್ಣಗೆ ಗುಂಯ್‌ಗುಟ್ಟಿ ಬಿಸಿಯಾಗುತ್ತಿದ್ದರೆ ವಿದ್ಯುತ್ತು ಬರುತ್ತಿದೆ, ಆದರೆ ಗಟ್ಟಿಯಾದ ಹಳೆಯ ಎಣ್ಣೆ ತಿರುಗಲು ಬಿಡುತ್ತಿಲ್ಲ. ಎಂಜಿನ್ನನ್ನು ಹಳಿಯ ಮೇಲಿಟ್ಟ ಕ್ಷಣವೇ ಕಂಟ್ರೋಲರ್ (ಹಳಿಗೆ ವಿದ್ಯುತ್ತು ಕೊಟ್ಟು ವೇಗ ಹೊಂದಿಸುವ ಪೆಟ್ಟಿಗೆ) ತಾನೇ ವಿದ್ಯುತ್ತನ್ನು ಕಡಿದುಕೊಂಡರೆ ಒಳಗೆಲ್ಲೋ ಶಾರ್ಟ್ ಆಗಿದೆ. ಮೂರು ಸಂದರ್ಭಗಳಲ್ಲೂ ನಾವು ಸಾಮಾನ್ಯವಾಗಿ ಮಾಡುವುದು ಒಂದೇ, ಕಂಟ್ರೋಲರಿನ ಗುಂಡಿಯನ್ನು ಪೂರ್ತಿ ತಿರುಗಿಸುವುದು; ಆವರೆಗೆ ಸುಡದಿದ್ದ ಮೋಟಾರು ನಿಜಕ್ಕೂ ಸುಡುವುದು ಹೀಗೆ.

ವಿದ್ಯುತ್ತು ಹಳಿ ಮತ್ತು ಚಕ್ರಗಳ ಮೂಲಕವೇ ಮೋಟಾರಿಗೆ ಬರುವುದರಿಂದ ಹುಡುಕಾಟವನ್ನು ಹಳಿಯಿಂದ ಶುರುಮಾಡುವುದು ಒಳ್ಳೆಯದು. ಆ ಕಾಲದ ಉಕ್ಕಿನ ಹಳಿಗಳಿಗೆ ನಮ್ಮ ಮಳೆಗಾಲದ ತೇವದಲ್ಲಿ ತುಕ್ಕು ಹಿಡಿಯದೆ ಇರುವುದಿಲ್ಲ, ಚಕ್ರದ ಅಂಚಿನಲ್ಲಿ ಕಪ್ಪು ಜಿಡ್ಡು ಕೂತಿರುತ್ತದೆ. ಹಳಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಚಕ್ರಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದರೆ ಸಾಕು. ಪೆಟ್ರೋಲು, ತಿನ್ನರ್ ಬಳಸಿದರೆ ಪ್ಲಾಸ್ಟಿಕ್ ಮೈ ಕರಗುತ್ತದೆ. ಚಕ್ರವನ್ನು ಕೈಯಿಂದ ಒತ್ತಿ ತಿರುಗಿಸಲೂ ಹೋಗಬಾರದು. ಮೋಟಾರಿನ ದಂಡದ ತಿರುಪು ಗಿಯರು ಚಕ್ರವನ್ನು ತಿರುಗಿಸಬಲ್ಲದೇ ಹೊರತು ಚಕ್ರ ಅದನ್ನು ತಿರುಗಿಸಲಾರದು. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಮೇಲಿನ ಮೈಯನ್ನು ತೆಗೆದು, ಮೋಟಾರಿನೊಳಗೆ ತಿರುಗುವ ಸುರುಳಿಯ ಭಾಗವಾದ ಆರ್ಮೇಚರನ್ನೇ ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸಬೇಕು.

ನನ್ನದು ಹೊರಳಲಿಲ್ಲ. ಎಣ್ಣೆ ಜೇನುಮೇಣದಂತೆ ಕಟ್ಟಿತ್ತು. ಆಲ್ಕೋಹಾಲ್ ಅದ್ದಿದ ಹಲ್ಲುಕಡ್ಡಿಯಿಂದ ಅದನ್ನು ಕೆರೆದು ತೆಗೆಯಲು ಎರಡು ಸಂಜೆ ಹಿಡಿಯಿತು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಮಾತ್ರ ಬೇರಿಂಗುಗಳಿಗೆ ತಾಗಿಸಿದೆ. (ಮನೆಯವರು ಕೊಬ್ಬರಿ ಎಣ್ಣೆಯ ಸಲಹೆ ಕೊಟ್ಟಿದ್ದರು. ಚಳಿಗಾಲದಲ್ಲಿ ಸೀಸೆಯಲ್ಲೇ ಗಡ್ಡೆ ಕಟ್ಟುವ ಎಣ್ಣೆ ಮೋಟಾರಿನಲ್ಲಿ ಏನು ಮಾಡೀತು ಎಂದು ಹೇಳಿ ಪಾರಾದೆ.) ಎಣ್ಣೆ ಹೆಚ್ಚಾಗಿ ಕಮ್ಯುಟೇಟರಿನ (ದಂಡದ ಮೇಲಿದ್ದು ಸುರುಳಿಗಳಿಗೆ ವಿದ್ಯುತ್ತು ದಾಟಿಸುವ ತಾಮ್ರದ ಪಟ್ಟಿಗಳ) ಮೇಲೆ ಹರಿದರೆ ಕಾರ್ಬನ್ ಪುಡಿಯೊಂದಿಗೆ ಕಲೆತು ಕೆಸರಾಗುತ್ತದೆ.

ಆರ್ಮೇಚರ್ ಸಲೀಸಾಗಿ ತಿರುಗತೊಡಗಿದ ಮೇಲೂ ಕಂಟ್ರೋಲರ್ ಕಡಿದುಕೊಳ್ಳುತ್ತಲೇ ಇತ್ತು. ಮಿಕ್ಸಿಯ ಕಾರ್ಬನ್ ಬದಲಿಸಿದವರಿಗೆಲ್ಲ ಬ್ರಷ್ ಎಂದರೇನೆಂದು ಗೊತ್ತು. ಇಲ್ಲಿಯೂ ಅಂಥವೇ ಎರಡು ಪುಟ್ಟ ತುಂಡುಗಳಿದ್ದು, ಅವೆರಡನ್ನೂ ಒಂದೇ ತಂತಿಯ ಸ್ಪ್ರಿಂಗು ಎರಡು ಕಡೆಯಿಂದ ಒತ್ತಿ ಹಿಡಿಯುತ್ತದೆ. ಎರಡು ಬ್ರಷ್‌ಗಳಿಗೂ ಒಂದೇ ತಂತಿ ತಾಗಿದರೆ ಶಾರ್ಟ್ ಆಗುತ್ತದಾದ್ದರಿಂದ ಸ್ಪ್ರಿಂಗಿನ ಒಂದು ಕಾಲಿಗೆ ವಿದ್ಯುತ್ತು ಹರಿಯದ ಸಣ್ಣ ಕೊಳವೆಯೊಂದನ್ನು ತೊಡಿಸಿರುತ್ತಾರೆ. ಅದು ಪುಡಿಯಾಗಿ ಉದುರಿಹೋಗಿತ್ತು. ಇದು ತಯಾರಿಕೆಯ ದೋಷವಲ್ಲ, ತಗಡಿನ ಟ್ರಂಕಿನೊಳಗೆ ಕಳೆದ ಅಷ್ಟೊಂದು ಬೇಸಿಗೆಗಳ ಫಲ. ತೆಳುವಾದ ವಯರೊಂದರ ಪ್ಲಾಸ್ಟಿಕ್ ಹೊದಿಕೆಯನ್ನು ಅರ್ಧ ಸೆಂಟಿಮೀಟರಿನಷ್ಟು ಸುಲಿದು ಅದರ ಜಾಗಕ್ಕೆ ಏರಿಸಿದೆ. ‘ಸುಟ್ಟ’ ಮೋಟಾರು ಮೊದಲು ನಡುಗಿ, ಆಮೇಲೆ ತಿರುಗಿತು.

ಮೋಟಾರು ನಿಜಕ್ಕೂ ಸುಟ್ಟಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಒಂದಿದ್ದರೆ ಸಾಕು. ಬ್ರಷ್‌ಗಳನ್ನು ತೆಗೆದು, ಕಮ್ಯುಟೇಟರಿನ ಮೂರು ತಾಮ್ರದ ಪಟ್ಟಿಗಳಲ್ಲಿ ಎರಡೆರಡರ ನಡುವಿನ ರೋಧವನ್ನು ಅಳೆಯಬೇಕು. ಮೂರೂ ಅಳತೆಗಳು ಹೆಚ್ಚುಕಡಿಮೆ ಒಂದೇ ಬಂದರೆ ಸುರುಳಿಗಳು ಬಹುಮಟ್ಟಿಗೆ ಸರಿಯಾಗಿವೆ ಎಂದು ತಿಳಿಯಬಹುದು. ಒಂದು ಮಾತ್ರ ತೀರಾ ಬೇರೆ ಬಂದರೆ ಆಗ ‘ಸುಟ್ಟಿದೆ’ ಎನ್ನುವ ಮಾತಿಗೆ ಆಧಾರವಿದೆ. ಇದಕ್ಕಾಗಿ ಅಯಸ್ಕಾಂತವನ್ನು ಕಳಚಬೇಕಾಗಿಲ್ಲ, ಕಳಚಲೂಬಾರದು. ಈ ಹಳೆಯ ಬಗೆಯ ಅಯಸ್ಕಾಂತಗಳ ತುದಿಗಳನ್ನು ಕಬ್ಬಿಣದ ತುಂಡಿನಿಂದ ಜೋಡಿಸದೆ ಬಿಚ್ಚಿಟ್ಟರೆ ಶಕ್ತಿ ಕುಂದುತ್ತದೆ. ಇನ್ನು, ಚಿಪ್ ಇರುವ ಈಚಿನ ಡಿಜಿಟಲ್ ಎಂಜಿನ್‌ಗಳ ರೀತಿಯೇ ಬೇರೆಯಾದ್ದರಿಂದ ಅವುಗಳ ವಿಚಾರಕ್ಕೆ ನಾನು ಕೈಹಾಕುವುದಿಲ್ಲ.

ಇಷ್ಟು ದೀರ್ಘವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ಎಂಜಿನ್ನಿಗೆ ಬರುವುದು 12 ವೋಲ್ಟ್, ಅದು ಮಗುವಿಗೆ ಅಪಾಯವಲ್ಲ. ಆದರೆ ಅದರ ಕಂಟ್ರೋಲರಿನ ಇನ್ನೊಂದು ತುದಿ ಸೇರುವುದು ನಮ್ಮ ಗೋಡೆಯ 230 ವೋಲ್ಟಿಗೆ. ನಮ್ಮ ಪೆಟ್ಟಿಗೆಯಲ್ಲಿದ್ದ ಕಂಟ್ರೋಲರಿನ ರಬ್ಬರ್ ವಯರು ಬಗ್ಗಿಸಿದಲ್ಲೆಲ್ಲ ಬಿರುಕುಬಿಟ್ಟು ತಾಮ್ರ ಕಾಣಿಸುತ್ತಿತ್ತು. ಅದನ್ನು ಪ್ಲಗ್ಗಿಗೆ ಸಿಕ್ಕಿಸದೆ, ಈಗಿನ 12 ವೋಲ್ಟ್ ಡಿ.ಸಿ. ಅಡಾಪ್ಟರ್ ಮತ್ತು ವೇಗ ಹೊಂದಿಸುವ ಚಿಕ್ಕ ಕಂಟ್ರೋಲರ್ ಕೊಂಡು ಈ ಪ್ರಯೋಗಗಳನ್ನೆಲ್ಲ ನಡೆಸಿದೆ. ಹಳೆಯದನ್ನು ನೆನಪಿಗೆಂದು ಇಟ್ಟುಕೊಳ್ಳುವವರು ಅದರ ಪ್ಲಗ್ಗನ್ನು ಕತ್ತರಿಸಿಟ್ಟರೆ ಕ್ಷೇಮ. ನಾನು ಹಾಗೆಯೇ ಮಾಡಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಮೈಸೂರು