ಮಳೆಗಾಲ ದಾಟಿಸಿದವರೆಲ್ಲರಿಗೂ

ಶಿರಸಿ ಸೀಮೆಯ ಈ ಅಡಿಕೆ ತೋಟದ ಮಳೆಮಾಪಕ ಸೆಪ್ಟೆಂಬರ್ ಕೊನೆಯವರೆಗೂ ಹತ್ತು ನಿಮಿಷಕ್ಕೊಮ್ಮೆ ರೇಡಿಯೋ ಮೂಲಕ ಮನೆಗೆ ಲೆಕ್ಕ ಕಳಿಸಿತು. ಬೋರ್ಡೋ ದ್ರಾವಣ ಹೊಡೆಯಲು ಹೊಳವು (ಮಳೆಯ ಬಿಡುವು) ಯಾವಾಗ ಎಂದು ಕಾಯುವ ಮನೆಗೆ ಆ ಲೆಕ್ಕ ಎಷ್ಟು ಮುಖ್ಯವೆಂದು ಕೊಳೆರೋಗ ಕಂಡವರಿಗೆ ಹೇಳಬೇಕಿಲ್ಲ. ಜೂನ್ ತಿಂಗಳಲ್ಲಿ ಅರ್ಧಕ್ಕರ್ಧ ಸಂದೇಶ ಹಾಳಾಗಿಯೇ ಬರುತ್ತಿದ್ದವು. ಸರಿಯಾಗಿದ್ದು ಹಲವರ ಸಹಾಯದಿಂದ. ಅವರಿಗೆಲ್ಲ ನಮ್ಮ ಗುಂಪಿನ ಕೃತಜ್ಞತೆ.

ಮೊದಲು ಮನೆಯ ಆಯಿಗೆ. ಸಂದೇಶ ಬಂದ ಹೊತ್ತು, ಬಾರದ ಹೊತ್ತು ಎರಡನ್ನೂ ಅವರು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟರು. "ಮಳೆ ಬಂದ್ರೆ ಬತ್ತು, ಹೊಳ ಆದ್ರೆ ಬತ್ತಿಲ್ಲೆ" ಎಂದ ಅವರ ಒಂದು ಮಾತಿನಲ್ಲಿ ದೋಷದ ಮೂಲವಿತ್ತು. ಒದ್ದೆ ಎಲೆ ರೇಡಿಯೋ ಅಲೆಯನ್ನು ಹೀರುತ್ತದೆ, ಹಾಗಾಗಿ ಮಳೆಯಲ್ಲೇ ಕೆಡಬೇಕಿತ್ತು. ಕೆಡುತ್ತಿದ್ದುದು ಹೊಳವಾದಾಗ.

ಕಾರಣ ಇದು. 433 ಮೆಗಾಹರ್ಟ್ಸ್‌ನ ಈ ಅಗ್ಗದ ರೇಡಿಯೋ ಮಾಡ್ಯೂಲುಗಳಲ್ಲಿ ದತ್ತಾಂಶ ಮಾತ್ರ ಹೋಗುತ್ತದೆ, ಬಿಟ್ಟುಗಳ ತಾಳ ಹೇಳುವ ಕ್ಲಾಕ್ ಬೇರೆಯಾಗಿ ಹೋಗುವುದಿಲ್ಲ. ಸೆಕೆಂಡಿಗೆ 1000 ಬಿಟ್ (0 ಅಥವಾ 1), ಒಂದು ಬಿಟ್ಟಿಗೆ 1 ಮಿಲಿಸೆಕೆಂಡು. ಬಿಟ್ಟು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದನ್ನು ರಿಸೀವರು 0ಯಿಂದ 1ಕ್ಕೆ, 1ರಿಂದ 0ಗೆ ಜಿಗಿಯುವ ಅಂಚುಗಳಿಂದಲೇ ತಿಳಿಯಬೇಕು. ಮಳೆ ಇಲ್ಲದಾಗ ಮಾಪಕದ ಎಣಿಕೆ ಸೊನ್ನೆ, ಅಂದರೆ ಸಾಲಾಗಿ 16 ಸೊನ್ನೆ, ಒಂದೂ ಅಂಚಿಲ್ಲ. ಕಳಿಸುವ ಬೋರ್ಡು ಚಿಪ್ಪಿನೊಳಗಿನ ಆರ್‌ಸಿ ಆಸಿಲೇಟರಿನ ಮೇಲೆ, ಅಂದರೆ ಅಷ್ಟು ನಿಖರವಲ್ಲದ ತಾಳದ ಮೇಲೆ, ಓಡುತ್ತಿತ್ತು. ಅದು 3 ಶೇಕಡಾ ತಪ್ಪಿದರೂ 16 ಬಿಟ್ಟಿನಲ್ಲಿ 48 ಶೇಕಡಾ, ಸುಮಾರು ಅರ್ಧ ಬಿಟ್ಟು, ಸರಿದುಹೋಗುತ್ತದೆ. ಸಾಲದ್ದಕ್ಕೆ, ಸೊನ್ನೆ ಎಂದರೆ ಬಿಟ್ಟನ್ನು ಹೊತ್ತೊಯ್ಯುವ ವಾಹಕ ಅಲೆಯೇ ಇಲ್ಲ. ಆಗ ರಿಸೀವರು ತನ್ನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿಕೊಂಡು ಗದ್ದಲವನ್ನೇ ಬಿಟ್ಟುಗಳಂತೆ ಹೊರಹಾಕುತ್ತದೆ.

ಪರಿಹಾರಕ್ಕಾಗಿ ವರ್ಚುವಲ್‌ವೈರ್ ಲೈಬ್ರರಿಯನ್ನು (ಸಿದ್ಧ ಪ್ರೋಗ್ರಾಂ ತುಣುಕುಗಳ ಸಂಗ್ರಹ) ಬರೆದು ಎಲ್ಲರಿಗೂ ತೆರೆದಿಟ್ಟವರಿಗೆ ದೊಡ್ಡ ನಮಸ್ಕಾರ. ಅದರಲ್ಲಿ ಪ್ರತಿ 4 ಬಿಟ್ಟು 6 ಬಿಟ್ಟಾಗಿ ಹೋಗುತ್ತದೆ, ಆರರಲ್ಲಿ ಮೂರು 1, ಮೂರು 0. ಒಂದೇ ಮಟ್ಟ 4 ಬಿಟ್ಟಿಗಿಂತ ಹೆಚ್ಚು ಉಳಿಯುವುದೇ ಇಲ್ಲ. ಗಿಗಾಬಿಟ್ ಈಥರ್ನೆಟ್ಟಿನ ಫೈಬರಿನಲ್ಲಿ ಎಂಟು ಬಿಟ್ಟನ್ನು ಹತ್ತಾಗಿಸಿ ಕಳಿಸುವುದೂ ಇದೇ ಉಪಾಯ, ಅಲ್ಲಿ ಮಿತಿ 5.

ಕ್ಲಾಕ್ ಹಿಡಿಯುವ ಭಾಗ ಪುಟ್ಟದು, ಆದರೆ ಅದರ ಚೆಲುವು ನಮಗೆ ಇನ್ನೂ ಹಳತಾಗಿಲ್ಲ. 125 ಮೈಕ್ರೋಸೆಕೆಂಡಿಗೊಮ್ಮೆ, ಅಂದರೆ ಬಿಟ್ಟಿಗೆ 8 ಸಲ ಮಾದರಿ ತೆಗೆಯಬೇಕು. 16 ಮೆಗಾಹರ್ಟ್ಸ್ ಬೋರ್ಡಿನಲ್ಲಿ ಕ್ಲಾಕನ್ನು ಭಾಗಿಸುವ ಪ್ರಿಸ್ಕೇಲರ್ 8, ಟೈಮರ್ ಎಣಿಕೆಯ ಮಿತಿಯಾದ ಕಂಪೇರ್ 249 (ಸೊನ್ನೆ ಸೇರಿ 250 ಎಣಿಕೆ) ಇಟ್ಟರೆ ಸೆಕೆಂಡಿಗೆ ಸರಿಯಾಗಿ 8000 ಬರುತ್ತದೆ. ಒಂದು ಎಣಿಕೆ ಪ್ರತಿ ಮಾದರಿಗೆ 20ರಂತೆ ಏರಿ 160 ಮುಟ್ಟಿದಾಗ ಒಂದು ಬಿಟ್ಟು ಮುಗಿಯಿತು; ಎಂಟರಲ್ಲಿ ಐದು ಅಥವಾ ಹೆಚ್ಚು ಮಾದರಿ 1 ಆಗಿದ್ದರೆ ಬಿಟ್ಟು 1. ಅಂಚು ಕಂಡಾಗ ಎಣಿಕೆ 80ಕ್ಕಿಂತ ಕಡಿಮೆ ಇದ್ದರೆ ನಾವು ಮುಂದೆ ಓಡಿದ್ದೇವೆ, 20ರ ಬದಲು 11 ಕೂಡು. ಇಲ್ಲದಿದ್ದರೆ ಹಿಂದೆ ಬಿದ್ದಿದ್ದೇವೆ, 29 ಕೂಡು. ಎಷ್ಟು ತಪ್ಪಿದೆ ಎಂದು ಅಳೆಯುವುದೇ ಇಲ್ಲ, ಬೇಗವೋ ತಡವೋ ಎಂದಷ್ಟೇ ಕೇಳುವುದು. ಅಲೆಕ್ಸಾಂಡರ್ ಎಂಬವರು 1975ರಲ್ಲಿ ಪ್ರಕಟಿಸಿದ ಫೇಸ್ ಡಿಟೆಕ್ಟರು (ಎರಡು ತಾಳಗಳ ಅಂತರ ಪತ್ತೆಹಚ್ಚುವ ಮಂಡಲ) ಕೇಳುವುದೂ ಇದೇ ಪ್ರಶ್ನೆ.

ಒಂದು ಅಂಚಿಗೆ 160ರಲ್ಲಿ 9, ಅಂದರೆ 5.6 ಶೇಕಡಾ ತಿದ್ದುಪಡಿ. ಪೂರಾ ಅರ್ಧ ಬಿಟ್ಟು ತಪ್ಪಿದ್ದರೂ 9 ಅಂಚಿನಲ್ಲಿ ದಾರಿಗೆ ಬರುತ್ತದೆ. ಮೊದಲಿಗೆ ಕಳಿಸುವ 1010 ಸಾಲು 36 ಬಿಟ್ಟು ಉದ್ದವಿರುವುದು ಅದಕ್ಕೇ. ಗೇನ್ ಇಳಿದು ನಿಲ್ಲುವಷ್ಟರಲ್ಲಿ ಅರ್ಧ ಹೋದರೂ ಉಳಿದ ಅರ್ಧ ಸಾಕು. ಆದರೆ 4 ಬಿಟ್ಟಿಗೊಂದೇ ಅಂಚು ಸಿಕ್ಕರೆ ತಡೆದುಕೊಳ್ಳುವುದು 1.4 ಶೇಕಡಾ ವ್ಯತ್ಯಾಸವನ್ನಷ್ಟೇ. ಒಳಗಿನ ಆಸಿಲೇಟರು ಫ್ಯಾಕ್ಟರಿಯಿಂದ ಬರುವಾಗಲೇ 10 ಶೇಕಡಾವರೆಗೂ ತಪ್ಪಿರಬಹುದು, ಬ್ಯಾಟರಿ ಇಳಿದರೂ ಸೆಖೆ ಏರಿದರೂ ಬದಲಾಗುತ್ತದೆ. ದಯವಿಟ್ಟು ಅದನ್ನು ನಂಬಬೇಡಿ, ನಿಖರ ತಾಳ ಕೊಡುವ ಕ್ರಿಸ್ಟಲ್ ಹಾಕಿ. ಎರಡೂ ಬೋರ್ಡಿಗೆ ಬೇಕಾದ ಕ್ರಿಸ್ಟಲ್ಲನ್ನು ಆ ಮಳೆಯಲ್ಲಿ ಹುಬ್ಬಳ್ಳಿಯಿಂದ ತಂದುಕೊಟ್ಟ ಬಸ್ ಕಂಡಕ್ಟರ್ ಅಣ್ಣನಿಗೂ ಧನ್ಯವಾದ.

ಹಳೆ ಬಸ್ ಸ್ಟ್ಯಾಂಡ್ ಹತ್ತಿರ ಟಿವಿ ರಿಪೇರಿ ಮಾಡುವವರು ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ತೋರಿಸುವ ತಮ್ಮ ಆಸಿಲೊಸ್ಕೋಪನ್ನು ಎರಡು ತಿಂಗಳು ನಮ್ಮಲ್ಲೇ ಬಿಟ್ಟರು. ಅದಿಲ್ಲದೆ ನೀರಿನ ಪಂಪಿನಿಂದ ಆಗುತ್ತಿದ್ದ ತೊಂದರೆ ಕಾಣುತ್ತಲೇ ಇರಲಿಲ್ಲ. ಎಣಿಕೆ 160 ದಾಟಿದಾಗಲೆಲ್ಲ ಒಂದು ಖಾಲಿ ಪಿನ್ ಮೇಲೆ ಕೆಳಗೆ ಆಗುವಂತೆ ಬರೆದು, ಅದರಿಂದ ಸ್ಕೋಪ್ ಟ್ರಿಗರ್ ಮಾಡಿ, ದತ್ತಾಂಶವನ್ನು ಇನ್ನೊಂದು ಚಾನೆಲ್ಲಿನಲ್ಲಿ ನೋಡಬೇಕು. ಹಿಡಿತ ಸರಿಯಿದ್ದರೆ ಬಿಟ್ಟುಗಳು ಒಂದರ ಮೇಲೊಂದು ಬಿದ್ದು ನಡುವೆ ಕಣ್ಣಿನಂತೆ ತೆರವು ಕಾಣುತ್ತದೆ. ಪಂಪ್ ಸ್ಟಾರ್ಟರ್ ಒತ್ತಿದಾಗ ಆ ಕಣ್ಣು ಮುಚ್ಚುತ್ತಿತ್ತು. ಎಂಟರಲ್ಲಿ ಐದು ಎಂಬ ಬಹುಮತ ಬಿಟ್ಟನ್ನು ಉಳಿಸುತ್ತದೆ ನಿಜ, ಆದರೆ ಸುಳ್ಳು ಅಂಚು ಕ್ಲಾಕನ್ನೇ ತಳ್ಳುತ್ತದೆ. ಸತತ ಎರಡು ಮಾದರಿ ಒಂದೇ ಆಗಿದ್ದರೆ ಮಾತ್ರ ಬದಲಾವಣೆ ಎಂದು ಒಪ್ಪುವಂತೆ ಮಾಡಿದೆವು. 1010 ಸಾಲಿನ ನಂತರ ಬರುವ ಆರಂಭದ ಗುರುತು ಸಿಕ್ಕ ಮೇಲೆ ತಿದ್ದುಪಡಿಯನ್ನು 9ರಿಂದ 4ಕ್ಕೆ ಇಳಿಸಿದೆವು. ಕ್ರಿಸ್ಟಲ್ ಇದ್ದರೆ ಅಷ್ಟು ಧಾರಾಳವಾಗಿ ಸಾಕು.

ಕಾಲೇಜಿನ ಇಬ್ಬರು ಹುಡುಗಿಯರು ಕೊನೆಯ ದೋಷ ಹಿಡಿದರು. ರಿಸೀವರ್ ಬೋರ್ಡಿನಲ್ಲಿದ್ದ ಡಿಎಚ್‌ಟಿ22 ತೇವಾಂಶ ಸೆನ್ಸರನ್ನು ಓದುವಾಗ ಸುಮಾರು 5 ಮಿಲಿಸೆಕೆಂಡು ಇಂಟರಪ್ಟ್, ಅಂದರೆ ಮಾದರಿ ತೆಗೆಯಿಸುವ ಕರೆ, ನಿಲ್ಲುತ್ತದೆ. ಅಷ್ಟರಲ್ಲಿ ಐದು ಬಿಟ್ಟು ಹೋಯಿತು. ಸಂದೇಶ ಪೂರ್ತಿ ಬಂದ ಮೇಲಷ್ಟೇ ಈಗ ಸೆನ್ಸರು ಓದುತ್ತದೆ.

17.3 ಸೆಂಟಿಮೀಟರಿನ ಆಂಟೆನಾ ತಂತಿಯನ್ನು ಜಾರುವ ಮರ ಹತ್ತಿ ನೆಟ್ಟಗೆ ಕಟ್ಟಿದ ಕೊನೆಗೌಡರಿಗೆ (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು), ಉಂಬಳ (ಜಿಗಣೆ) ಕಚ್ಚಿಸಿಕೊಂಡು ದಿನಾ ಬ್ಯಾಟರಿ ನೋಡಿದ ತೋಟದ ಅಕ್ಕಂದಿರಿಗೆ ನಾವು ಋಣಿ. ಪ್ರೋಗ್ರಾಮಿನ ಪ್ರತಿ ಬೇಕಾದವರು ಕೇಳಿ, ಕೊಡುತ್ತೇವೆ. ಸ್ಕೋಪ್ ದೀಪಾವಳಿಗೆ ಮೊದಲು ಅಂಗಡಿಗೆ ತಲುಪುತ್ತದೆ, ಎರಡು ಹೊಸ ಪ್ರೋಬ್ ಸಮೇತ.