ಹೊಳಪೊಂದೇ ಸಾಲದು

ಮಾನ್ಯ ಸಂಪಾದಕರೇ,

ಜೀವಕೋಶದ ಒಳಗನ್ನು ಬೆಳಗಿ ತೋರಿಸುವ ಪ್ರತಿದೀಪ್ತ (ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ) ಪಾಲಿಮರ್ ನ್ಯಾನೊಕಣಗಳ ಬಗ್ಗೆ ಬರುವ ವರದಿಗಳಲ್ಲಿ ಹೊಳಪು ಎಷ್ಟು ಪಟ್ಟು ಹೆಚ್ಚಿತು ಎಂಬುದಕ್ಕೇ ಮೊದಲ ಮಣೆ. ನಿಜವಾಗಿ ಹೊಳಪಿಗೆ ಈ ಕಣಗಳಲ್ಲಿ ಬರವಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಕಣದ ಹೊರಮೈಯಲ್ಲಿ.

ತಯಾರಿಸುವ ಬಗೆ ಸರಳವೇ. ಪಿಎಫ್‌ಬಿಟಿಯಂಥ, ತಾನೇ ಹೊಳೆಯುವ ಪಾಲಿಮರನ್ನು ಟಿಎಚ್‌ಎಫ್ ದ್ರಾವಕದಲ್ಲಿ ಮಿಲಿಲೀಟರಿಗೆ 50 ಮೈಕ್ರೊಗ್ರಾಂನಷ್ಟು ಕರಗಿಸಿ, ಅದಕ್ಕೆ ಮಿಲಿಲೀಟರಿಗೆ 10 ಮೈಕ್ರೊಗ್ರಾಂನಷ್ಟು ಪಿಎಸ್‌ಎಂಎ ಎಂಬ ಇನ್ನೊಂದು ಪಾಲಿಮರ್ ಸೇರಿಸುತ್ತಾರೆ. ಹೊರಮೈಗೆ ಋಣ ವಿದ್ಯುದಂಶ ಹೊರುವ ಕಾರ್ಬಾಕ್ಸಿಲ್ ಗುಂಪು ಕೊಡುವುದು ಇದೇ. ಈ ದ್ರಾವಣದ 5 ಮಿ.ಲೀ.ಯನ್ನು ಶ್ರವಣಾತೀತ ತರಂಗಗಳಿಂದ ಕಲಕುವ ಸಾನಿಕೇಟರ್‌ನಲ್ಲಿಟ್ಟ 10 ಮಿ.ಲೀ. ಶುದ್ಧ ನೀರಿಗೆ ಒಂದೇ ಸಲಕ್ಕೆ ರಭಸವಾಗಿ ಹಾಯಿಸಬೇಕು. ಹನಿಹನಿಯಾಗಿ ಬಿಟ್ಟರೆ ಕಣ ದಪ್ಪವಾಗುತ್ತದೆ. ಬಳಿಕ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೈಟ್ರೊಜನ್ ಹಾಯಿಸಿ ದ್ರಾವಕ ಓಡಿಸಿ, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದರೆ ಸುಮಾರು 20 ನ್ಯಾನೊಮೀಟರ್ ಕಣಗಳು ಸಿಗುತ್ತವೆ. ದ್ರಾವಕ ಉಳಿದರೆ ಕೋಶಗಳು ಸಾಯುತ್ತವೆ, ಆ ಅಪವಾದ ಕಣಗಳ ತಲೆಗೆ ಬರುತ್ತದೆ. ಸೋಸುವ ಮೊದಲು ಮತ್ತು ಸೋಸಿದ ಮೇಲೆ ಬೆಳಕಿನ ಹೀರಿಕೆ ಅಳೆಯಿರಿ. ಅದು ಗಣನೀಯವಾಗಿ ಇಳಿದಿದ್ದರೆ ಕಣಗಳು ಗಂಟು ಕಟ್ಟಿ ಫಿಲ್ಟರ್‌ನಲ್ಲೇ ಉಳಿದಿವೆ ಎಂದರ್ಥ.

ಶುದ್ಧ ನೀರಿನಲ್ಲಿ ಋಣ ವಿದ್ಯುದಂಶ ಕಣಗಳನ್ನು ದೂರದೂರ ಇಡುತ್ತದೆ. ಕೋಶ ಬೆಳೆಸುವ ಮಾಧ್ಯಮದಲ್ಲಿ ಉಪ್ಪಿನ ಅಯಾನುಗಳು ಆ ವಿಕರ್ಷಣೆಯನ್ನು ಮರೆಮಾಡುತ್ತವೆ, ಕ್ಯಾಲ್ಸಿಯಂ ಎರಡು ಕಣಗಳ ಕಾರ್ಬಾಕ್ಸಿಲ್ ಗುಂಪುಗಳಿಗೆ ಸೇತುವೆಯಾಗುತ್ತದೆ. ಹಾಗಾಗಿ ಗಾತ್ರವನ್ನು ನೀರಿನಲ್ಲಷ್ಟೇ ಅಳೆದು ಬರೆದರೆ ಸಾಲದು. 37 ಡಿಗ್ರಿಯಲ್ಲಿ, ಸೀರಂ (ರಕ್ತದ ತಿಳಿದ್ರವ) ಇರುವ ಮಾಧ್ಯಮದಲ್ಲಿ 1 ಗಂಟೆಯ ಬಳಿಕ ಒಮ್ಮೆ, 24 ಗಂಟೆಯ ಬಳಿಕ ಇನ್ನೊಮ್ಮೆ ನೋಡಲೇಬೇಕು. ನೀರಿಗೆ ಒಲಿಯುವ ಪಿಇಜಿ ಪಾಲಿಮರ್ ಸರಪಳಿಗಳನ್ನು ಹೊರಮೈಗೆ ಕೂರಿಸಿದರೆ ಗಂಟು ಕಟ್ಟುವುದೂ ಕಂಡಕಂಡಲ್ಲಿ ಅಂಟುವುದೂ ತಗ್ಗುತ್ತವೆ. ನಿರ್ದಿಷ್ಟ ಗುರಿಗೆ ಅಂಟುವ ಪ್ರತಿಕಾಯವನ್ನು ಕಣಕ್ಕೆ ಜೋಡಿಸಲು ಇಡಿಸಿ ಎಂಬ ಬೆಸೆಯುವ ರಾಸಾಯನಿಕ ಬಳಸುವಾಗ ಟ್ರಿಸ್ ಬಫರ್ ಬೇಡ, ಅದರ ಅಮೈನ್ ಗುಂಪೇ ಪ್ರತಿಕಾಯಕ್ಕೆ ಪೈಪೋಟಿ ಕೊಡುತ್ತದೆ. ಪಿಎಚ್ 7.4ರ ಹೆಪೀಸ್ ಬಫರ್ ಸರಿ. ಇಡಿಸಿ ಅತಿಯಾದರೆ ಋಣಾಂಶ ಕರಗಿ, ಪ್ರತಿಕಾಯ ಕೂರುವ ಮೊದಲೇ ಕಣಗಳು ಒಂದಕ್ಕೊಂದು ಅಂಟುತ್ತವೆ.

ಪಾಲಿಮರ್‌ನೊಳಗೆ ಬಣ್ಣದ ಅಣುವನ್ನು ಬರಿದೇ ಬೆರೆಸಿದ ಕಣಗಳದು ಇನ್ನೂ ದೊಡ್ಡ ತೊಡಕು. ಬಣ್ಣ ಸೋರಿ ಕೋಶದ ಕೊಬ್ಬಿನ ಹನಿಗಳಿಗೆ ಸೇರಿಕೊಂಡರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದು ಕಣದ ಚಿತ್ರವಲ್ಲ! ಸೀರಂನಲ್ಲಿ ಒಂದು ದಿನ ಇಟ್ಟ ಕಣಗಳನ್ನು 100 ಕಿಲೊಡಾಲ್ಟನ್ ಪೊರೆಯಲ್ಲಿ ಸೋಸಿ, ಕೆಳಗಿಳಿದ ದ್ರವ ಹೊಳೆಯುತ್ತದೆಯೇ ಎಂದು ನೋಡಬೇಕು. ಸೋರಿದ ಬಣ್ಣವನ್ನು ಹೊತ್ತ ಸೀರಂ ಪ್ರೋಟೀನ್ ಆಲ್ಬುಮಿನ್ ಆ ಪೊರೆಯಲ್ಲಿ ನುಸುಳಬಲ್ಲದು. ಸೋರಿಕೆ ಇದ್ದರೆ ಬಣ್ಣವನ್ನು ಪಾಲಿಮರ್ ಸರಪಳಿಗೇ ರಾಸಾಯನಿಕ ಬಂಧದಿಂದ ಕಟ್ಟುವುದೇ ಮದ್ದು.

ಪಿಎಫ್‌ಬಿಟಿಯ ಹಸಿರು–ಹಳದಿ ಬೆಳಕಿಗೂ ಕೋಶದಲ್ಲೇ ಇರುವ ಫ್ಲೇವಿನ್ ಅಣುಗಳ ಸಹಜ ಹೊಳಪಿಗೂ ಬಹಳ ಅಂತರವಿಲ್ಲ. ಆದ್ದರಿಂದ ಇಂಥ ಚಿತ್ರ ಪ್ರಕಟಿಸುವಾಗ ಕಣ ಹಾಕದ ಕೋಶದ ಚಿತ್ರವನ್ನೂ, ಅದೇ ಲೇಸರ್ ಮತ್ತು ಅದೇ ಗೇನ್‌ನಲ್ಲಿ (ಸಂಕೇತ ಹಿಗ್ಗಿಸುವ ಮಟ್ಟದಲ್ಲಿ) ತೆಗೆದದ್ದನ್ನು, ಸಂಶೋಧಕರಿಂದ ಕೇಳಿ ಪಡೆದು ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಪಾಲಿಮರ್ ರಸಾಯನಶಾಸ್ತ್ರದ ಕೆಲ ಓದುಗರು